ಉಳಿದ ಕಾಲುಭಾಗ ಹೊಟ್ಟೆಗೆ, ಬ್ಯಾಡಗಿಯ ಊಟದ ವಿಚಾರವಾಗಿ

ಮಾನ್ಯ ಜಠರ ಮಹಾಶಯರೇ,

ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂಬುದು ಈ ಸಲ ಬರೀ ಪದವಲ್ಲ; ಎಷ್ಟೋ ವರ್ಷಗಳ ನಂತರ ನಾನು ನೆಲದ ಮೇಲೆ ಬೋರಲು ಮಲಗಿ, ಯಾರ ಕೈಯನ್ನೂ ಹಿಡಿಯದೆ ಮೇಲೆದ್ದಿದ್ದೇನೆ, ಅದಕ್ಕೆ ತಾವೇ ಕಾರಣ. ರಾಣೆಬೆನ್ನೂರಿನ ಈ ಮನೆಯಲ್ಲಿ ಎಲ್ಲರೂ ಕ್ಷೇಮ. ತಾವು ನನ್ನೊಳಗೇ ವಾಸವಾಗಿರುವುದರಿಂದ ತಮ್ಮ ಕ್ಷೇಮವನ್ನು ಪತ್ರ ಬರೆದು ಕೇಳುವ ಅಗತ್ಯವಿಲ್ಲ, ಒಂದೇ ಚರ್ಮದೊಳಗಿರುವವರು ಬಹಿರಂಗ ಪತ್ರ ಬರೆಯುವುದು ಶಿಷ್ಟಾಚಾರವೂ ಅಲ್ಲ. ಆದರೆ ಒಳಗೊಳಗೇ ಸಲ್ಲಿಸಿದ ಮನವಿಗಳಿಗೆ ತಾವು ಈವರೆಗೆ ಬಿಕ್ಕಳಿಕೆಯ ಹೊರತು ಬೇರೆ ಉತ್ತರ ಕೊಟ್ಟಿಲ್ಲವಾದ್ದರಿಂದ, ನಾಲ್ಕು ಜನರೆದುರು ಅಹವಾಲು ಹೇಳಿಕೊಳ್ಳದೆ ನನಗೆ ದಾರಿಯಿಲ್ಲ.

ಓದುಗರಿಗೆ ಮೊದಲು ತಮ್ಮ ಪರಿಚಯ ಮಾಡಿಕೊಡಬೇಕು. ದೀಪಾವಳಿ ಮುಗಿದ ವಾರದಲ್ಲಿ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ನನ್ನ ಹೊಟ್ಟೆಯ ಮೇಲೆ ಸಣ್ಣ ಸಣ್ಣ ತೂತು ಕೊರೆದು, ಒಳಗಿದ್ದ ಜಠರದ ಮುಕ್ಕಾಲು ಪಾಲನ್ನು ಕತ್ತರಿಸಿ ಹೊರಗೆ ತೆಗೆದು, ಉಳಿದ ಕಾಲುಭಾಗವನ್ನು ಹೊಲಿದು ಬಿಟ್ಟರು. ಆ ಕಾಲುಭಾಗವೇ ತಾವು. ‘ಸರ್, ಇನ್ನ ಮ್ಯಾಲೆ ನಿಮ್ಮ ಹೊಟ್ಟಿ ಅಂದ್ರ ಒಂದು ಬಾಳೆಕಾಯಿ ಇದ್ದಂಗ, ಅದರಾಗ ಎಷ್ಟ ಹಿಡೀತದೋ ಅಷ್ಟ’ ಎಂದು ಡಾಕ್ಟರು ಹೇಳಿದಾಗ, ಅರಿವಳಿಕೆಯ ಮಂಪರಿನಲ್ಲಿದ್ದ ನಾನು, ಹಣ್ಣಾದ ಮೇಲೆ ಇನ್ನಷ್ಟು ಹಿಡಿಯುತ್ತದೆಯೇ ಎಂದು ಕೇಳಿದೆನಂತೆ. ತಮ್ಮ ಹಿಂದಿನವರು ಧಾರಾಳಿ. ಬಂದವರನ್ನು ಬಾಗಿಲಿನಿಂದ ಹಿಂದೆ ಕಳಿಸಿದವರಲ್ಲ; ಹಾವೇರಿ ಬಸ್ ನಿಲ್ದಾಣದ ಎದುರಿನ ಮಿರ್ಚಿಭಜಿಯನ್ನೂ ಶ್ರಾದ್ಧದ ವಡೆಯನ್ನೂ ಒಂದೇ ಸಮಭಾವದಿಂದ ಬರಮಾಡಿಕೊಂಡವರು. ಹಸಿವಿನ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುವ ಭಾಗವೂ ಬಹುಪಾಲು ಅವರ ಜೊತೆಗೇ ಹೋಯಿತಂತೆ. ಅಷ್ಟು ವರ್ಷದ ಸ್ನೇಹ. ಕೊನೆಗೆ ಯಾರೂ ನನಗೆ ಅವರ ಮುಖ ತೋರಿಸಲಿಲ್ಲ.

ಈ ಬದಲಾವಣೆಯನ್ನು ಕೇಳಿ ಪಡೆದವನು ನಾನೇ ಎಂಬುದನ್ನು ಅಲ್ಲಗಳೆಯುವುದಿಲ್ಲ. ಸಕ್ಕರೆ ಕಾಯಿಲೆ ಮಾತ್ರೆಗೆ ಬಗ್ಗದೆ ಚುಚ್ಚುಮದ್ದಿಗೆ ಬಂದಿತ್ತು. ಮಂಡಿಗಳು ನನ್ನನ್ನು ಹೊರುವುದಕ್ಕೆ ಪ್ರತಿ ಮೆಟ್ಟಿಲಲ್ಲೂ ಸದ್ದು ಮಾಡಿ ಆಕ್ಷೇಪಿಸುತ್ತಿದ್ದವು. ನಿದ್ದೆಯಲ್ಲಿ ಉಸಿರು ಆಗಾಗ ನಿಂತು, ಯೋಚಿಸಿ, ಮತ್ತೆ ಹೊರಡುತ್ತಿತ್ತು. ‘ನೀವು ಗೊರಕಿ ಹೊಡದ್ರ ಸಿಟ್ಟು ಬರ್ತದ, ಬಿಟ್ರ ಜೀವಾ ಹೋಗ್ತದ, ನಾ ಯಾವಾಗ ಮಲಕೋಬೇಕ್ರಿ?’ ಎಂದು ನನ್ನ ಹೆಂಡತಿ ಕೇಳುತ್ತಿದ್ದಳು. ಇವೆಲ್ಲ ಡಾಕ್ಟರ ಮುಂದೆ ಹೇಳಿದ ಕಾರಣಗಳು. ಹೇಳದ ಕಾರಣ ನನ್ನ ಮಗಳು ಧನಶ್ರೀ. ಅವಳಿಗೆ ನನ್ನ ಹಣೆ, ನನ್ನ ಮೊಂಡುತನ, ನನ್ನ ಅಗಲ ಬಂದಿವೆ. ಗಂಡಿನ ಕಡೆಯವರು ಬಂದಾಗಲೆಲ್ಲ ಮೊದಲು ಅವಳನ್ನು ನೋಡಿ, ಆಮೇಲೆ ನನ್ನನ್ನು ನೋಡಿ, ಮತ್ತೆ ಅವಳ ಕಡೆ ತಿರುಗುತ್ತಿದ್ದರು, ಮೋಡ ನೋಡಿ ನಾಳಿನ ಮಳೆ ಹೇಳುವವರ ಹಾಗೆ. ಆ ಮೋಡವನ್ನು ಅವಳ ಪಕ್ಕದಿಂದ ಸರಿಸಿಬಿಡೋಣ ಎಂದು ನನಗೆ ಅನಿಸಿದ್ದು ಸುಳ್ಳಲ್ಲ. ಮಗಳು ತೆಳ್ಳಗೆ ಕಾಣಲೆಂದು ತಂದೆ ತನ್ನ ಹೊಟ್ಟೆ ಕೊಯ್ಯಿಸಿಕೊಂಡ ಎಂದು ಬರೆದು ನೋಡಿದರೆ ಅರ್ಥಶಾಸ್ತ್ರ ಕಲಿಸುವವನ ತರ್ಕದಂತೆ ಕಾಣುವುದಿಲ್ಲ. ಆದರೆ ನಾನು ಹಾವೇರಿಯ ಕಾಲೇಜಿನಲ್ಲಿ ಕಲಿಸುವುದು ಅದನ್ನೇ.

ತಮ್ಮ ಆಡಳಿತದ ಸಾಧನೆಗಳನ್ನು ಹೊಗಳದಿದ್ದರೆ ನನ್ನ ನಾಲಿಗೆ ಕೃತಘ್ನವಾದೀತು. ಅದಕ್ಕೆ ಈಗ ಬೇರೆ ಕೆಲಸವೂ ಇಲ್ಲ. ಚುಚ್ಚುಮದ್ದು ನಿಂತಿದೆ. ರೈಲು ನಿಲ್ದಾಣದ ಮೇಲ್ಸೇತುವೆಯನ್ನು, ನಡುವೆ ನಿಂತು ಜಾಹೀರಾತು ಓದುವ ನೆಪ ಮಾಡದೆ, ಒಂದೇ ಉಸಿರಿಗೆ ದಾಟುತ್ತೇನೆ. ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮವನ್ನು, ಅಂದರೆ ಮೊದಲ ಮಾವಿನಹಣ್ಣು ಕೊಟ್ಟಷ್ಟು ಸುಖವನ್ನು ಎರಡನೆಯದು ಕೊಡುವುದಿಲ್ಲ ಎಂಬ ಮಾತನ್ನು, ಇಷ್ಟು ವರ್ಷ ಸ್ವತಃ ನಂಬದೆಯೇ ವಿದ್ಯಾರ್ಥಿಗಳಿಗೆ ಕಲಿಸಿದ್ದೆ. ತಾವು ಬಂದ ಮೇಲೆ ಎರಡನೆಯ ಚಮಚಕ್ಕೇ ಅದು ಸಾಬೀತಾಗುತ್ತದೆ.

ಇಷ್ಟಾದರೂ ತಮ್ಮ ನೇಮಕವನ್ನು ನಾನು ಗುಟ್ಟಾಗಿಟ್ಟಿದ್ದೆ. ಸಕ್ಕರೆ, ಬೊಜ್ಜು, ಆಪರೇಷನ್ ಎಂಬ ಮಾತುಗಳು ಹೊರಗೆ ಬಿದ್ದರೆ ಅವು ನನ್ನ ಮೇಲಲ್ಲ, ಮಗಳ ಜಾತಕದ ಮೇಲೆ ಹೋಗಿ ಕೂರುತ್ತವೆ ಎಂಬ ಅಂಜಿಕೆ. ಕಾಲೇಜಿನಲ್ಲಿ ಕೇಳಿದವರಿಗೆಲ್ಲ ವಾಕಿಂಗ್ ಎಂದೆ. ನನ್ನನ್ನು ನಂಬಿ ಇಬ್ಬರು ಸಹೋದ್ಯೋಗಿಗಳು ಮೈದಾನ ಸುತ್ತಲು ಶುರುಮಾಡಿ, ಒಂದು ಕಿಲೋ ಕೂಡ ಇಳಿಯದೆ, ‘ಸರ್ರ, ನೀವು ಯಾವ ಕಡಿಂದ ಸುತ್ತತಿದ್ರಿ, ಎಡಕ್ಕೋ ಬಲಕ್ಕೋ?’ ಎಂದು ಬಂದು ವಿಚಾರಿಸಿದ್ದಾರೆ.

ಇನ್ನು ಬ್ಯಾಡಗಿಯ ವಿಷಯ. ಅಲ್ಲಿನ ಕೃಷ್ಣಾಜಿಯವರ ಮಗ ವಿಕ್ರಮನನ್ನು ಧನಶ್ರೀ ನೋಡಿ, ಮಾತಾಡಿ, ಹಾವೇರಿಯಲ್ಲಿ ಒಂದೆರಡು ಸಲ ಚಹಾ ಕುಡಿದು, ಮನಸ್ಸಿಗೆ ತಂದುಕೊಂಡಿದ್ದಳು. ನಾವು ಹೋಗಿ ಅವರ ಮನೆ ನೋಡುವುದೊಂದು ಬಾಕಿ ಇತ್ತು. ನಮ್ಮ ಮಂದಿಯಲ್ಲಿ ಮನೆ ನೋಡುವ ಶಾಸ್ತ್ರಕ್ಕೆ ಬಾಯಿಮಾತಿನ ಉತ್ತರ ಇರುವುದಿಲ್ಲ. ಸಂಬಂಧ ಬೇಡವಾದರೆ ಹೆಣ್ಣಿನ ತಂದೆ ಚಹಾ ಕುಡಿದು ಎದ್ದುಬರುತ್ತಾನೆ. ಬೇಕಾದರೆ ಎಲೆಯ ಮುಂದೆ ಕೂತು ಹೊಟ್ಟೆ ತುಂಬ ಉಣ್ಣುತ್ತಾನೆ. ಉಂಡರೆ ಹೌದು, ಎಲೆಯಲ್ಲಿ ಬಿಟ್ಟರೆ ಇಲ್ಲ. ಜೀವನದಲ್ಲಿ ನಾನು ಯಾವ ತಯಾರಿಯೂ ಇಲ್ಲದೆ ಪಾಸಾಗಬಹುದಾಗಿದ್ದ ಒಂದೇ ಪರೀಕ್ಷೆ ಅದು. ಅದು ಬರುವಷ್ಟರಲ್ಲಿ ತಾವು ಬಂದಿದ್ದಿರಿ.

‘ಪಪ್ಪಾ, ನನಗ ಈ ಹುಡುಗ ಬೇಕು. ಎಷ್ಟ ಆಗ್ತದ ಅಷ್ಟ ಉಣ್ರಿ, ಆದ್ರ ಉಂಡಂಗ ಕಾಣಬೇಕು’ ಎಂದು ಮಗಳು ಕಾರಿನಲ್ಲಿ ಹೇಳಿದಳು. ಪಕ್ಕದಲ್ಲಿದ್ದ ಗುತ್ತಲದ ನನ್ನ ಅಕ್ಕ ಅವಳಿಗೆ ಬೇರೆ ಪಾಠ ಹೇಳುತ್ತಿದ್ದಳು: ‘ನೀ ಮಾತ್ರ ಕೈ ಹಿಡದು ತಿನ್ನು. ಒಂದ ಹೋಳಿಗಿ, ಒಂದ ತುತ್ತು ಅನ್ನ. ಮನಿಗೆ ಬಂದು ಬೇಕಾದಷ್ಟು ತಿನ್ನಂತಿ.’ ಹೀಗೆ ತಂದೆ ಹೆಚ್ಚು ತಿನ್ನುವ, ಮಗಳು ಕಡಿಮೆ ತಿನ್ನುವ ನಾಟಕವನ್ನು ಕಲಿತು ನಾವು ಬ್ಯಾಡಗಿ ಸೇರಿದೆವು. ಮೆಣಸಿನಕಾಯಿಯ ಹಂಗಾಮು, ಊರೆಲ್ಲ ಸೀನುತ್ತಿತ್ತು, ಯಾರ ಕಣ್ಣಲ್ಲಿ ನೀರು ಬಂದರೂ ಯಾರೂ ಕಾರಣ ಕೇಳುತ್ತಿರಲಿಲ್ಲ.

ಎಲೆ ಹಾಕಿದರು. ಕೃಷ್ಣಾಜಿಯವರ ತಾಯಿ ಭಾಗೀರಥೀಬಾಯಿ, ಎಂಬತ್ತು ದಾಟಿದವರು, ಮುಂಜಾನೆ ತಾವೇ ನಿಂತು ಹೋಳಿಗೆ ಮಾಡಿದ್ದರಂತೆ. ಈಗ ಎದುರಿಗೆ ಕುರ್ಚಿ ಹಾಕಿಸಿಕೊಂಡು ಎಲ್ಲರ ಎಲೆಗಳನ್ನು ನೋಡುತ್ತ ಕೂತಿದ್ದರು. ಊಟಕ್ಕೆ ಮೊದಲು ಅಂಗೈಯಲ್ಲಿ ನೀರು ಕುಡಿಯುವ ಶಾಸ್ತ್ರ ಬಂತು. ಊಟದ ಜೊತೆ ನೀರು ಕೂಡದು ಎಂಬ ಡಾಕ್ಟರ ಅಪ್ಪಣೆ ನೆನೆದು ತುಟಿಯನ್ನಷ್ಟೇ ಒದ್ದೆ ಮಾಡಿಕೊಂಡೆ. ವಿಕ್ರಮ ತುಪ್ಪ ಬಡಿಸಿದ. ಕೋಸಂಬರಿ ಒಂದು ಚಿಟಿಕೆ, ಹೋಳಿಗೆ ಒಂದು ಚೂರು, ಮತ್ತೊಂದು ಚೂರು. ಪ್ರತಿಯೊಂದನ್ನೂ ಬಾಯಲ್ಲೇ ನೀರಾಗುವವರೆಗೆ ಅಗಿದೆ. ಅರ್ಧ ಹೋಳಿಗೆ ಮುಗಿಯುವ ಹೊತ್ತಿಗೆ ತಾವು ಎದೆಯ ಕೆಳಗೆ ಕದ ಮುಚ್ಚಿದಿರಿ. ನಾನು ಒಳಗೊಳಗೇ ಕೈ ಮುಗಿದೆ. ಇದು ಊಟವಲ್ಲ, ಉತ್ತರ ಎಂದು ವಿವರಿಸಿದೆ. ಮಗಳ ಹೆಸರು ಹೇಳಿದೆ. ತಾವು ಒಂದು ಬಿಕ್ಕಳಿಕೆ ಕಳಿಸಿದಿರಿ. ಇನ್ನೊಂದು ಚೂರು ಬಂದರೆ ಹಿಂದಿನದೂ ಎಲೆಗೇ ವಾಪಸಾಗುತ್ತದೆ ಎಂದು ಅದರ ತಾತ್ಪರ್ಯ.

ಪಂಕ್ತಿಯಲ್ಲಿ ಒಬ್ಬರು ಮುಗಿಸುವವರೆಗೆ ಉಳಿದವರು ಏಳುವ ಹಾಗಿಲ್ಲ. ಎಲ್ಲರ ಊಟವಾಗಿ, ಎಲ್ಲರ ಕೈ ಒಣಗಿ, ಎಲ್ಲರ ಕಣ್ಣೂ ನನ್ನ ಎಲೆಯ ಮೇಲೆ ಬಂದು ಕೂತವು. ‘ಯಾಕ್ರಿ ಸರ್, ಮನಸಿಗೆ ಬರಲಿಲ್ಲೇನ್ರಿ?’ ಎಂದು ಕೃಷ್ಣಾಜಿ ಮೆಲ್ಲಗೆ ಕೇಳಿದರು. ‘ಮನಸಿಗೆ ಬರಲಾರದ್ದು ಹೋಳಿಗಿನೋ ನಮ್ಮ ಮನಿತನಾನೋ, ಬಾಯಿಬಿಟ್ಟು ಹೇಳಲಿ ಬಿಡೋ. ಎಲಿ ನೋಡಿ ತಿಳಕೊಳ್ಳಲಿಕ್ಕೆ ನಾವೇನು ಜೋಯಿಸರೇ?’ ಎಂದು ಭಾಗೀರಥೀಬಾಯಿ ಮಗನಿಗೆ ಹೇಳುವಂತೆ ನನಗೆ ಹೇಳಿದರು. ನಾನು ಆಸಿಡಿಟಿ ಎಂದೆ. ಅದೇ ಗಳಿಗೆಯಲ್ಲಿ ನನ್ನ ಹೆಂಡತಿ ಹರಕೆ ಎಂದಳು. ಸುಮ್ಮನಿರಲಾರದ ಅಕ್ಕ, ಬೆಳಿಗ್ಗೆ ದೋಸೆ ಜಾಸ್ತಿ ಆದವು ಎಂದಳು. ‘ಹೊಟ್ಟಿ ತುಂಬ ದೋಸಿ ತಿಂದು, ಹರಕಿ ಹೊತ್ತು, ಆಸಿಡಿಟಿ ಮಾಡ್ಕೊಂಡಾರ, ಪಾಪ’ ಎಂದು ಮುದುಕಿ ಮೂವರ ಸಾಕ್ಷಿಯನ್ನೂ ಕೂಡಿಸಿ ಹೇಳಿದರು. ತುಪ್ಪದ ಪಾತ್ರೆ ಹಿಡಿದ ವಿಕ್ರಮ ನಿಂತಲ್ಲೇ ನಿಂತಿದ್ದ.

ಆಗ ಧನಶ್ರೀ ಮಾತಾಡಿದಳು. ‘ಅಜ್ಜಿ, ಇವರು ಮೂರೂ ಮಂದಿ ಸುಳ್ಳು ಹೇಳಲಿಕ್ಕತ್ತಾರ್ರಿ. ಪಪ್ಪಾಗ ಹೊಟ್ಟಿ ಆಪರೇಷನ್ ಆಗೇದ. ಮುಕ್ಕಾಲ ಹೊಟ್ಟಿ ತಗದಾರ. ಸಕ್ಕರಿ ಇತ್ತು, ನಿದ್ದ್ಯಾಗ ಉಸಿರು ನಿಲ್ತಿತ್ತು. ನಿಮಗ ಹೇಳಲಾರದ ಮುಚ್ಚಿಟ್ಟದ್ದು ನನ್ನ ಸಲುವಾಗಿ. ನನ್ನ ಮೈಕಟ್ಟೂ ಪಪ್ಪಂದ, ನೋಡಿದ್ರ ತಿಳೀತದ. ನಾಳೆ ನನಗೂ ಸಕ್ಕರಿ ಬರಬಹುದು, ನನ್ನ ಹೊಟ್ಟೀನೂ ಕೊಯ್ಯಬೇಕಾಗಬಹುದು. ಬ್ಯಾಡ ಅನ್ನೂದಿದ್ರ ಇವತ್ತ ಅಂದುಬಿಡ್ರಿ, ನಾ ಅಳೂದಿಲ್ಲ.’ ಕೊನೆಯ ಮಾತನ್ನು ಅವಳು ಹೇಳಿದ್ದು ಅಜ್ಜಿಗಲ್ಲ, ತುಪ್ಪದ ಪಾತ್ರೆ ಹಿಡಿದು ನಿಂತವನಿಗೆ.

ಹೊರಗೆ ಬೀದಿಯಲ್ಲಿ ಯಾರೋ ಸೀನಿದ್ದು ಕೇಳಿಸಿತು. ಭಾಗೀರಥೀಬಾಯಿ ನನ್ನ ಹೊಟ್ಟೆಯನ್ನು, ಅಂದರೆ ತಮ್ಮನ್ನು, ನೋಡಿದರು. ‘ಹಂಗಾರ ಹೋಳಿಗಿ ಕೆಟ್ಟಿಲ್ಲ?’ ಎಂದರು. ‘ಕೆಡೂದೆಲ್ಲೆ ಬಂತ್ರಿ’ ಎನ್ನುತ್ತ ಧನಶ್ರೀ ನನ್ನ ಎಲೆಯನ್ನು ತನ್ನ ಕಡೆ ಎಳೆದುಕೊಂಡು, ನಾನು ಬಿಟ್ಟ ಹೋಳಿಗೆಯನ್ನು ತಿನ್ನತೊಡಗಿದಳು. ‘ಒಂದ ಹೋಳಿಗಿ ತಿನ್ನು ಅಂತ ಹೇಳಿ ನನ್ನ ಕರಕೊಂಡು ಬಂದಾರ, ಆವಾಗಿಂದ ಹಸಗೊಂಡು ಕೂತೀನಿ.’ ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಮುದುಕಿ ಮಗನ ಕಡೆ ತಿರುಗಿ, ‘ಏ ಕೃಷ್ಣಾ, ನಿನ್ನ ಇನ್ಸುಲಿನ್ ಇನ್ನ ಬದನಿಕಾಯಿ ಹಿಂದಿಂದ ತಗದು ಮುಂದ ಇಡಸು. ಬೀಗರಿಗೆ ಕಾಣಬಾರದು ಅಂತ ಮುಂಜಾನಿಂದ ಫ್ರಿಜ್ಜಿನಾಗ ಅಡಗಿಸಿ ಸಾಕಾಗೇದ’ ಎಂದರು. ಕೃಷ್ಣಾಜಿಯವರ ಎಲೆಯ ಮೇಲೆ ಚಿತ್ರಾನ್ನದ ಕೆಳಗೆ ಹೂತಿಟ್ಟಿದ್ದ ಇಡೀ ಹೋಳಿಗೆಯನ್ನು ನಾನು ಆಗ ಕಂಡೆ. ವಿಕ್ರಮ ತುಪ್ಪದ ಪಾತ್ರೆಯೊಂದಿಗೆ ಧನಶ್ರೀಯ ಮುಂದೆ ಬಂದು ಬಗ್ಗಿ, ‘ಎಷ್ಟು ಹಾಕಲಿ?’ ಎಂದ. ‘ಹಾಕ್ರಿ, ಸಾಕಾದ್ರ ಹೇಳ್ತೀನಿ’ ಎಂದಳು. ಬಹಳ ಹೊತ್ತು ಅವಳು ಏನೂ ಹೇಳಲಿಲ್ಲ.

ಮಾನ್ಯರೇ, ನನ್ನ ನಿಜವಾದ ದೂರು ಇಲ್ಲಿಂದ ಶುರುವಾಗುತ್ತದೆ. ತುಪ್ಪ ಎಲೆಯ ಅಂಚಿಗೆ ಹರಿಯುವುದನ್ನು ನೋಡುತ್ತ ನನಗೆ ಸಂತೋಷವಾಯಿತು, ಅದರ ಬೆನ್ನಿಗೇ ಹೆದರಿಕೆಯಾಯಿತು. ಅವಳ ವಯಸ್ಸಿನಲ್ಲಿ ನಾನೂ ಹಾಗೆಯೇ ಉಣ್ಣುತ್ತಿದ್ದೆ, ಎಲ್ಲರೂ ಹೊಗಳಿ ಮತ್ತೊಂದು ಬಡಿಸುತ್ತಿದ್ದರು. ಸಾಕು ಮಗಳೇ ಎನ್ನಬೇಕೆ, ಉಣ್ಣು ಮಗಳೇ ಎನ್ನಬೇಕೆ? ಹಸಿವಿನ ಸುದ್ದಿ ಹೊರಡುವ ಭಾಗವನ್ನು ಕತ್ತರಿಸುವ ವಿದ್ಯೆ ಬಂದಿದೆ. ಆ ಹಸಿವನ್ನು ಮಕ್ಕಳಿಗೆ ದಾಟಿಸಿದ ಭಾಗ ಮೈಯಲ್ಲಿ ಎಲ್ಲಿದೆ, ಅದನ್ನು ತೆಗೆದರೆ ಅವಳ ಹಣೆಯೂ ಮೊಂಡುತನವೂ ಜೊತೆಗೇ ಹೋಗುತ್ತವೆಯೇ, ಡಾಕ್ಟರು ಹೇಳಿಲ್ಲ. ವಾಪಸು ಬರುವಾಗ ಅವಳೇ, ‘ಪಪ್ಪಾ, ಲಗ್ನಕ್ಕಿಂತ ಮೊದಲ ನನ್ನ ಸಕ್ಕರಿ ತಪಾಸ ಮಾಡಸೋಣು. ವಿಕ್ರಮನೂ ಬರ್ತಾನಂತ, ಅವರ ಮನ್ಯಾಗೂ ಅದ ಅಲ್ಲಾ’ ಎಂದಳು. ನಾನು ಇಷ್ಟು ದಿನ ಬಚ್ಚಿಟ್ಟದ್ದನ್ನು ಅವರಿಬ್ಬರು ಸಿನಿಮಾಕ್ಕೆ ಹೊರಟವರ ಹಾಗೆ ಮಾತಾಡಿಕೊಂಡಿದ್ದರು.

ಆದ್ದರಿಂದ ಕೆಲವು ವಿನಂತಿಗಳು. ಮದುವೆಯ ದಿನ ಒಂದು ಊಟದ ಮಟ್ಟಿಗೆ ತಾವು ರಜೆಯ ಮೇಲೆ ತೆರಳಿ, ತಮ್ಮ ಹಿಂದಿನವರನ್ನು, ಅವರು ಎಲ್ಲೇ ಇರಲಿ, ದಿನಗೂಲಿಯ ಮೇಲಾದರೂ ಕರೆಸಿಕೊಡಬೇಕು. ಅದು ಸಾಧ್ಯವಿಲ್ಲದಿದ್ದರೆ, ಭಾಗೀರಥೀಬಾಯಿಯವರು ಈಗ ವಾರವಾರ ಬಸ್ಸಿನಲ್ಲಿ ಕಳಿಸುವ ಡಬ್ಬಿಯ ಬಗ್ಗೆ ತಾವೇ ಅವರಿಗೆ ಒಂದು ಸೂಚನೆ ಹೊರಡಿಸಬೇಕು: ‘ಕಾಲ ಹೊಟ್ಟಿಗೆ ಕಾಲ ಹೋಳಿಗಿ’ ಎಂದು ಅವರು ಹೋಳಿಗೆಯನ್ನು ನಾಲ್ಕಾಗಿ ಕತ್ತರಿಸುತ್ತಾರೆ, ಅದು ಸರಿ, ಆದರೆ ನಾಲ್ಕು ತುಂಡನ್ನೂ ಕಳಿಸುತ್ತಾರೆ. ಕೊನೆಯದಾಗಿ, ನನ್ನ ಮಗಳ ಒಳಗಿರುವ ತಮ್ಮ ಬಂಧುವಿಗೆ ಹೇಗಾದರೂ ಒಂದು ಮಾತು ಮುಟ್ಟಿಸಿ. ಬರುವುದನ್ನು ಪ್ರೀತಿಯಿಂದ ಬರಮಾಡಿಕೊಳ್ಳಲಿ, ಸಾಕಾದಾಗ ಸ್ವಲ್ಪ ಗಟ್ಟಿಯಾಗಿ ಹೇಳಲಿ. ನಾನು ಕೇಳಿಸಿಕೊಂಡವನಲ್ಲ, ಅವಳು ಕೇಳಿಸಿಕೊಂಡಾಳು.

ಇಂತಿ ತಮ್ಮನ್ನು ಹೊತ್ತು ತಿರುಗುವ, ಆದರೆ ತಮ್ಮ ಅಪ್ಪಣೆಯಿಲ್ಲದೆ ನುಂಗಲಾರದ,

ತಮ್ಮ ವಿಶ್ವಾಸಿ
ಶಶಿಕಾಂತ
ರಾಣೆಬೆನ್ನೂರು

ತಾ.ಕ.: ಈಚೆಗೆ ತಾವು ನಿಗದಿಗಿಂತ ಒಂದು ಚಮಚ ಹೆಚ್ಚು ಸ್ವೀಕರಿಸುತ್ತಿರುವುದು ನನ್ನ ಗಮನಕ್ಕೆ ಬಂದಿದೆ. ದಿನವೂ ಒತ್ತಾಯ ಮಾಡಿದರೆ ತಾವೂ ನಿಧಾನವಾಗಿ ಹಿಗ್ಗುತ್ತೀರಿ ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಈ ಸಂಗತಿಯನ್ನು ನನ್ನ ಹೆಂಡತಿಯ ಕಿವಿಗೆ ಹಾಕುವುದಿಲ್ಲ. ಅಧಿಕಾರಿಗಳ ಭ್ರಷ್ಟಾಚಾರವನ್ನು ಬಯಲಿಗೆಳೆಯುವ ಹುಮ್ಮಸ್ಸು ನನಗಿಲ್ಲ, ಅದರಲ್ಲೂ ಲಂಚ ಕೊಡುತ್ತಿರುವವನು ನಾನೇ ಆಗಿರುವಾಗ.