ಅತ್ತೆಯ ಪೆಟ್ಟಿಗೆ, ಅಳಿಯನ ಕಡಲೆ

ಈ ಸಲ ನಮ್ಮತ್ತೆ ಹೌರಾ ಸ್ಟೇಷನ್ನಿನಲ್ಲಿ ಇಳಿದಾಗ ಅಳಿಯನನ್ನು ಗುರುತೇ ಹಿಡಿಯಬಾರದು! ಹಾಗಂತ ಬಾಲಿಗಂಜ್‌ನ ನಮ್ಮ ಫ್ಲ್ಯಾಟಿನ ಕನ್ನಡಿ ಎದುರು ಹೊಟ್ಟೆ ಒಳಗೆಳೆದುಕೊಂಡು ಶಪಥ ಮಾಡಿದೆ. ಕಾರಣವಿತ್ತು. ಕಳೆದ ಸಲ ಅತ್ತೆ ಇಂದಿರಮ್ಮನವರು ಮೈಸೂರಿನ ರೈಲಿನ ಬಾಗಿಲಲ್ಲೇ ನಿಂತು, "ಅಳಿಯಂದ್ರೇ, ಸ್ವಲ್ಪ ಆ ಕಡೆ ಸರೀರಿ, ಮಿಕ್ಕೋರೂ ಇಳೀಬೇಕಂತೆ" ಎಂದಿದ್ದರು. ಇಡೀ ಬೋಗಿ ನಕ್ಕಿತ್ತು. ಕನ್ನಡ ಬಾರದವರೂ ನಕ್ಕಿದ್ದರು. ಅದೇ ನನಗೆ ಹೆಚ್ಚು ನೋವಾದದ್ದು.

ಪಕ್ಕದ ಕಸ್ಬಾ ಬಡಾವಣೆಯ ಬಂಗಾಳಿ ಡಾಕ್ಟರು ಬರೆದುಕೊಟ್ಟರು, ತೂಕ ಇಳಿಸುವ ಇಂಜೆಕ್ಷನ್ ಶುರುವಾಯಿತು. ವಾರಕ್ಕೊಂದು ಚುಚ್ಚು. ಹಸಿವು ಹೇಳದೆ ಕೇಳದೆ ಊರು ಬಿಟ್ಟಿತು. ಎರಡನೇ ದೋಸೆಗೆ ಕೈಮುಗಿಯುವಂತಾಯಿತು. ನನ್ನ ಪ್ಯಾಂಟು ಬೆಲ್ಟನ್ನೇ ನಂಬಿ ಬದುಕತೊಡಗಿತು. ನಾನು ಕೆಲಸ ಮಾಡುವ ಬ್ಯಾಂಕಿನಲ್ಲಿ ಗೆದ್ದ ರಾಜನಂತೆ ಓಡಾಡಿದೆ.

ಒಂದು ಬೆಳಿಗ್ಗೆ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಯಲಾಗಲಿಲ್ಲ. ನನ್ನ ಹೆಂಡತಿ ತುಳಸಿ ಅದನ್ನು ಎಡಗೈಯಲ್ಲಿ ತಿರುಗಿಸಿ ತೆಗೆದಳು.

"ರೀ, ಬೊಜ್ಜು ಕರಗ್ತಿದೆಯೋ, ನೀವೇ ಕರಗ್ತಿದೀರೋ? ಡಾಕ್ಟ್ರನ್ನ ಕೇಳಿ."

ಡಾಕ್ಟರು ನನ್ನ ತೋಳು ಒತ್ತಿ ನೋಡಿ, ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತಿದೆ, ಪ್ರೋಟೀನ್ ಸಾಲದು, ವ್ಯಾಯಾಮ ಮಾಡಿ ಎಂದರು. ಮೀನು? ಇಲ್ಲ. ಮೊಟ್ಟೆ? ಅದೂ ಇಲ್ಲ. ಅವರು ಸೂತಕದ ಮನೆಗೆ ಬಂದವರಂತೆ ನನ್ನನ್ನು ನೋಡಿ, "ತಾಹೋಲೆ ಛಾನಾ ಖಾನ್, ದಾದಾ" ಎಂದರು. ಹಾಗಾದರೆ ಛಾನಾ ತಿನ್ನಿ ಅಂತ. ಚನಾ ಎಂದರೆ ಕಡಲೆಕಾಳು ಎಂಬಷ್ಟು ಹಿಂದಿ ನನಗೂ ಬರುತ್ತದೆ!

"ಸರಿಯಾಗಿ ಕೇಳಿಸ್ಕೊಂಡ್ರಾ?" ಎಂದಳು ಮನೆಯಲ್ಲಿ ತುಳಸಿ.

"ಕಡಲೆ ತಿನ್ನು ಅಂದ್ರು. ಅದರಲ್ಲಿ ಕೇಳಿಸ್ಕೊಳ್ಳೋದೇನಿದೆ? ನಿಮ್ಮಮ್ಮನಿಗೂ ಫೋನ್ ಮಾಡಿ ಹೇಳ್ತೀನಿ, ಬರುವಾಗ ನಮ್ಮೂರಿನ ಒಳ್ಳೆ ಕಡಲೆ ತರಲಿ."

ಬೆಳಿಗ್ಗೆ ಉಸಲಿ, ಮಧ್ಯಾಹ್ನ ಗುಗ್ಗರಿ, ಸಂಜೆ ಹುರಿದದ್ದು. ಇಂಜೆಕ್ಷನ್ನಿನಿಂದ ಮೊದಲೇ ಮೆಲ್ಲಗಾದ ಹೊಟ್ಟೆ, ಒಳಗೆ ಹೋದ ಕಡಲೆಯನ್ನು ಮುಂದೆ ಕಳಿಸಲೇ ಇಲ್ಲ. ನಾಲ್ಕು ಚಮಚಕ್ಕೇ ಸಾಕಪ್ಪಾ ಎನ್ನಿಸುತ್ತಿತ್ತು. ದುರ್ಗಾಪೂಜೆ ಇನ್ನೂ ದೂರವಿದ್ದರೂ ನನ್ನ ಹೊಟ್ಟೆಯಲ್ಲಿ ಪೂಜೆಯ ಢಾಕ್ ಡೋಲು ಬಾರಿಸತೊಡಗಿದರು. ಬ್ಯಾಂಕಿನ ಲಿಫ್ಟಿನಲ್ಲಿ ನನ್ನ ಜೊತೆ ಬರುತ್ತಿದ್ದವರೆಲ್ಲ ಆರೋಗ್ಯಕ್ಕೆ ಒಳ್ಳೆಯದೆಂದು ಮೆಟ್ಟಿಲು ಹಿಡಿದರು. ಹೊಟ್ಟೆಯ ಈ ಗಲಾಟೆಯಲ್ಲಿ ವ್ಯಾಯಾಮದ ಮಾತೇ ಮರೆತುಹೋಯಿತು.

ಅತ್ತೆ ಬರುವ ಹಿಂದಿನ ದಿನ ಮತ್ತೆ ಡಾಕ್ಟರ ಬಳಿ ಹೋದೆವು. ಈ ಸಲ ತುಳಸಿಯೂ ಜೊತೆಗಿದ್ದಳು.

"ಛಾನಾ ತಿನ್ನುತ್ತಿದ್ದೀರಾ?"

"ದಿನಾ! ರಾತ್ರಿ ನೆನೆಹಾಕಿ, ಬೆಳಿಗ್ಗೆ ಬೇಯಿಸಿ, ಒಗ್ಗರಣೆ ಕೊಟ್ಟು, ತೆಂಗಿನತುರಿ ಹಾಕಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಛಾನಾವನ್ನು ನೆನೆಹಾಕುತ್ತೀರಾ?"

ಮೀನಿನ ಮಾರ್ಕೆಟ್ಟಿನ ಪಕ್ಕದಲ್ಲೇ ತರಕಾರಿ ಕೊಂಡು ಬಂಗಾಳಿ ಕಲಿತ ತುಳಸಿ ಸೆರಗು ಬಾಯಿಗೆ ಒತ್ತಿಕೊಂಡಳು. "ರೀ, ಇಲ್ಲಿ ಛಾನಾ ಅಂದ್ರೆ ಹಾಲು ಒಡೆಸಿ ಮಾಡೋ ಮೆತ್ತನೆ ಪನೀರು. ನೀವು ಇಷ್ಟು ದಿನ ತಿಂದಿದ್ದು ಚನಾ."

ಕಡಲೆಯಲ್ಲೂ ಪ್ರೋಟೀನ್ ಇದೆಯಲ್ಲ ಎಂದು ವಾದಿಸಿದೆ. ಇದೆ, ಆದರೆ ನಾಲ್ಕು ಚಮಚದಲ್ಲಿ ಎಷ್ಟಿರುತ್ತದೆ ಎಂದರು ಡಾಕ್ಟರು. ನನಗೆ ನಿಜಕ್ಕೂ ನಾಚಿಕೆಯಾಯಿತು. ಆದರೂ ಮರುದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ತುಳಸಿಯೊಂದಿಗೆ ಹೌರಾಕ್ಕೆ ಹೋದೆ. ಸೊರಗಿದ್ದು ಅಂಗಿಯೊಳಗಿರುತ್ತದೆ, ಅತ್ತೆಗೆ ಕಾಣುವುದು ತೆಳ್ಳಗಾದದ್ದು ಮಾತ್ರ!

ಇಂದಿರಮ್ಮನವರು ಇಳಿದರು. ನನ್ನನ್ನು ದಾಟಿ ಮುಂದೆ ಹೋಗಿಯೇಬಿಟ್ಟರು! ಗುರುತು ಸಿಗಲಿಲ್ಲ! ಶಪಥ ನೆರವೇರಿತು! ತುಳಸಿ ಕೂಗಿದ ಮೇಲೆ ತಿರುಗಿ ನೋಡಿದರು.

"ಅಯ್ಯೋ, ಅಳಿಯಂದ್ರು ಅಳಿದುಳಿದಷ್ಟೇ ಇದಾರಲ್ಲೇ!"

ಕೂಲಿಯವನು ಪೆಟ್ಟಿಗೆಗೆ ಕೈಚಾಚಿದ. ನಾನು ಅವನನ್ನು ತಡೆದು, ನಾನಿರುವಾಗ ಕೂಲಿ ಯಾಕೆ ಎಂದು ಎದೆಯುಬ್ಬಿಸಿದೆ. ಪೆಟ್ಟಿಗೆಯ ಹಿಡಿ ಹಿಡಿದು ಎತ್ತಿದೆ. ಪೆಟ್ಟಿಗೆ ಇದ್ದಲ್ಲೇ ಇತ್ತು, ನಾನು ಬಗ್ಗಿದಲ್ಲೇ ಇದ್ದೆ. ಇನ್ನೊಮ್ಮೆ ಜೀವ ಬಿಟ್ಟು ಎಳೆದೆ. ಪ್ಲಾಟ್‌ಫಾರ್ಮಿನ ಮೇಲೆ ಕುಕ್ಕರಿಸಿದೆ.

"ಅತ್ತೆ, ಇದರಲ್ಲಿ ಏನಿದೆ, ಕಲ್ಲಾ?"

"ನೀವೇ ಹೇಳಿದ್ರಲ್ಲಪ್ಪಾ. ಕಡಲೆ."

ತುಳಸಿ ಛಾನಾದ ಕತೆ ಹೇಳಲು ಬಾಯಿ ತೆರೆದಳು. ನಾನು ಕಣ್ಣಲ್ಲೇ ಬೇಡಿಕೊಂಡೆ. ಅಷ್ಟರಲ್ಲಿ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಪೆಟ್ಟಿಗೆಯನ್ನು ಒಂದೇ ಕೈಯಲ್ಲಿ ಎತ್ತಿಕೊಂಡರು.

"ತುಳಸೀ, ನೀನು ಅಳಿಯಂದ್ರನ್ನ ಎತ್ಕೋ. ಪೆಟ್ಟಿಗೆ ನಾನು ತರ್ತೀನಿ."