ನಮ್ಮ ಫಾರ್ವರ್ಡ್ ಬೆಂಗಳೂರಿನಲ್ಲಿ ಕೂತ ಕತೆ

ಆಡುವವನನ್ನು ಆಡಲಿಕ್ಕೆಂದೇ ಕರೆದುಕೊಂಡು ಹೋಗಿ, ಆಡಿಸದೆ ಇಟ್ಟುಕೊಳ್ಳುವುದು ಫುಟ್‌ಬಾಲಿನಲ್ಲಿ ನಡೆಯುತ್ತಲೇ ಇರುತ್ತದೆ. ದೊಡ್ಡ ದೇಶಗಳ ದೊಡ್ಡ ಕ್ಲಬ್ಬುಗಳಲ್ಲಿ ನಡೆದರೆ ಪೇಪರಿನಲ್ಲಿ ಬರುತ್ತದೆ. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ನಡೆದದ್ದು ಎಲ್ಲೂ ಬರಲಿಲ್ಲ. ಆಗ ನಾನು ತುಮಕೂರಿನ ಒಂದು ಸಣ್ಣ ಕ್ಲಬ್ಬಿನ ಕಾರ್ಯದರ್ಶಿ. ಕಾರ್ಯದರ್ಶಿ ಎಂದರೆ ಸೈಕಲ್ ಶಾಪಿಗೆ ಹೋಗಿ ಚೆಂಡಿಗೆ ಗಾಳಿ ತುಂಬಿಸಿಕೊಂಡು ಬರುವವನು. ಶಾಪಿನವನು ಬೈದರೆ ಬೈಸಿಕೊಳ್ಳುವವನು. ನಮ್ಮ ಫಾರ್ವರ್ಡ್ ಕುಣಿಗಲ್ಲಿನವನು. ಎದುರು ಪಾಳೆಯದ ಗೋಲಿನ ಮುಂದೆ ಚೆಂಡು ಎಲ್ಲಿ ಬೀಳುತ್ತದೋ ಅಲ್ಲಿ ಮೊದಲೇ ಹೋಗಿ ನಿಂತಿರುತ್ತಿದ್ದ. ಅವನ ಸುತ್ತ ನಡೆದ ಕೆಲವು ಸಂಗತಿಗಳಿವು. ಹೇಳಿದಾಗಲೆಲ್ಲ ಜನ ನಕ್ಕಿದ್ದಾರೆ. ಅವನೂ ನಗುತ್ತಿದ್ದ, ಸ್ವಲ್ಪ ತಡವಾಗಿ.

೧. ನಿಂತ ಕುದುರೆ

ಬೆಂಗಳೂರಿನ ಒಂದು ದೊಡ್ಡ ಕಾರ್ಖಾನೆಯ ಫುಟ್‌ಬಾಲ್ ತಂಡದವರು ಒಂದು ದಿನ ನಮ್ಮ ಮೈದಾನಕ್ಕೆ ಬಂದರು. ಅವನ ಆಟ ನೋಡಿದರು. ಮೂರು ವರ್ಷದ ಕಾಂಟ್ರ್ಯಾಕ್ಟ್ ಕೊಡುತ್ತೇವೆ, ಆಮೇಲೆ ಕೆಲಸ ಖಾಯಂ ಮಾಡುತ್ತೇವೆ ಎಂದರು. ಸಂಬಳ, ಕ್ವಾರ್ಟರ್ಸು, ಕ್ಯಾಂಟೀನಿನ ಊಟ, ವರ್ಷಕ್ಕೊಂದು ಜೊತೆ ಬೂಟು. ನಾವು ಅವನಿಗೆ ಕೊಡುತ್ತಿದ್ದದ್ದು ಕುಣಿಗಲ್ಲಿನಿಂದ ಬಂದು ಹೋಗುವ ಬಸ್ಸಿನ ದುಡ್ಡು, ಮ್ಯಾಚು ಗೆದ್ದರೆ ತಟ್ಟೆ ಇಡ್ಲಿ. ಸೋತರೂ ತಟ್ಟೆ ಇಡ್ಲಿಯೇ, ಆದರೆ ಯಾರೂ ಮಾತಾಡುತ್ತಿರಲಿಲ್ಲ.

ನಾನು ಬಂದವರನ್ನು ಒಂದೇ ಒಂದು ಪ್ರಶ್ನೆ ಕೇಳಿದೆ: ನಿಮ್ಮಲ್ಲಿ ಈ ಜಾಗಕ್ಕೆ ಯಾರಿದ್ದಾರೆ? ಇಬ್ಬರಿದ್ದಾರೆ ಎಂದರು. ಇಬ್ಬರೂ ಚೆನ್ನಾಗಿ ಆಡುತ್ತಾರಂತೆ. ಹಾಗಾದರೆ ಇವನು ಯಾಕೆ? ಅವರಲ್ಲಿ ಹಿರಿಯರು ಮುಚ್ಚುಮರೆಯಿಲ್ಲದೆ ಹೇಳಿದರು, ನಾವು ಬಿಟ್ಟರೆ ಎದುರು ಕಾರ್ಖಾನೆಯವರು ಕರೆದುಕೊಂಡು ಹೋಗಿಬಿಡುತ್ತಾರೆ.

ಅವನು ಒಂದು ವಾರ ಊಟ ಸರಿಯಾಗಿ ಮಾಡಲಿಲ್ಲವಂತೆ. ಇಲ್ಲಿದ್ದರೆ ಪ್ರತಿ ಮ್ಯಾಚೂ ಆಡಬಹುದು, ಹೊಟ್ಟೆಗೆ ಏನೂ ಇಲ್ಲ. ಅಲ್ಲಿಗೆ ಹೋದರೆ ಹೊಟ್ಟೆ ತುಂಬುತ್ತದೆ, ಆಡಿಸುತ್ತೇವೆಂಬ ಮಾತು ಯಾರೂ ಕೊಡುತ್ತಿಲ್ಲ. ನನ್ನ ಎದುರಿಗೇ ಅವನು ತನ್ನ ಅಪ್ಪನನ್ನು ಕೇಳಿದ. ಅಪ್ಪ ಕುಣಿಗಲ್ಲಿನ ಕುದುರೆ ಫಾರಮ್ಮಿನಲ್ಲಿ ಕುದುರೆಗಳ ಮೈ ತಿಕ್ಕುವ ಕೆಲಸದಲ್ಲಿದ್ದವರು. ರೇಸು ಬಿಟ್ಟು ಬಂದ ಗಂಡು ಕುದುರೆಗಳನ್ನು ನೋಡಿಕೊಳ್ಳುತ್ತಿದ್ದರು.

"ಇದ್ರಾಗೆ ಯೋಚ್ನೆ ಮಾಡಾಕೆ ಏನೈತ್ಲಾ?" ಎಂದರು ಅಪ್ಪ. "ಓಡೋ ಕುದ್ರೆಗೆ ಚಾಟಿ. ನಿಂತಿರೋ ಕುದ್ರೆಗೆ ಹಾಲು, ಮೊಟ್ಟೆ. ಹೋಗಿ ನಿಂತ್ಕೊ."

೨. ಗೆರೆ

ಹೋಗಿ ನಿಂತುಕೊಂಡ. ನಿಲ್ಲುವುದಕ್ಕಿಂತ ಕೂರುವುದೇ ಹೆಚ್ಚು. ಪ್ರತಿ ಮ್ಯಾಚಿನಲ್ಲೂ ಅರ್ಧ ಕಳೆದ ಮೇಲೆ ಕೋಚ್ "ಮೈ ಬಿಸಿ ಮಾಡ್ಕೋ" ಎನ್ನುವರು. ಇವನು ಗೆರೆಯ ಹೊರಗೆ ಅತ್ತಿಂದಿತ್ತ ಓಡುವನು. ಮ್ಯಾಚು ಮುಗಿಯುವುದು. ಬಿಸಿಯಾದ ಮೈಯನ್ನು ಕ್ವಾರ್ಟರ್ಸಿಗೆ ಒಯ್ದು ತಣ್ಣೀರು ಹುಯ್ದುಕೊಳ್ಳುವನು. ಅಲ್ಲಿ ಕಡಲೇಕಾಯಿ ಮಾರುವವನೊಬ್ಬ ಇವನನ್ನು ಬಹಳ ದಿನ ನೋಡಿ, ಪಾಪ, ಇವನಿಗೆ ಯಾಕೆ ಈ ಶಿಕ್ಷೆ ಎಂದು ಯಾರನ್ನೋ ಕೇಳಿದನಂತೆ.

ಒಮ್ಮೆ ಇನ್ನೊಂದು ಕಾರ್ಖಾನೆಯ ಜೊತೆ ಸ್ನೇಹದ ಪಂದ್ಯ. ಬಾವುಟ ಹಿಡಿಯುವ ಲೈನ್ಸ್‌ಮನ್ ಒಬ್ಬ ಬರಲಿಲ್ಲ. ಸುಮ್ಮನೆ ಕೂತವನು ಯಾರೆಂದು ನೋಡಿ ಇವನ ಕೈಗೆ ಬಾವುಟ ಕೊಟ್ಟರು. ಆ ವರ್ಷ ಅವನು ಒಂದು ಪಂದ್ಯದ ಮೊದಲಿಂದ ಕೊನೆಯವರೆಗೆ ಓಡಿದ್ದು ಅದೊಂದೇ ಸಲ. ಕೊನೆಯ ಹೊತ್ತಿಗೆ ಇವನ ತಂಡದ ಫಾರ್ವರ್ಡೇ, ಅಂದರೆ ಇವನು ಯಾರ ಜಾಗಕ್ಕೆ ಕಾದಿದ್ದನೋ ಅವನೇ, ಚೆಂಡನ್ನು ಗೋಲಿಗೆ ಹೊಡೆದ. ಇಡೀ ತಂಡ ಕುಣಿಯುತ್ತಿತ್ತು. ಇವನು ಬಾವುಟ ಎತ್ತಿ ನಿಂತಿದ್ದ. ಆಫ್‌ಸೈಡ್. ಗೋಲು ಹೋಯಿತು, ಮ್ಯಾಚೂ ಹೋಯಿತು.

ಅದು ನಿಜವಾಗಿ ಆಫ್‌ಸೈಡೇ ಆಗಿತ್ತು ಎಂದು ಆ ಫಾರ್ವರ್ಡೇ ಆಮೇಲೆ ಒಪ್ಪಿಕೊಂಡ. ಕೋಚ್ ಮಾತ್ರ ಒಪ್ಪಲಿಲ್ಲ. ಸಂಬಳ ಕೊಡುವವರು ನಾವು, ನೀನು ಯಾರ ಕಡೆಯವನು ಎಂದು ಎಲ್ಲರ ಮುಂದೆ ಕೇಳಿದರು.

ಇವನು ಬಾವುಟ ಸುತ್ತಿ ಕೊಡುತ್ತ, "ಗೆರೆ ಕಡೆಯೋನು ಸಾರ್," ಎಂದ. "ಇಷ್ಟು ದಿನದಿಂದ ಅಲ್ಲೇ ಇದೀನಲ್ಲ."

೩. ಇಬ್ಬರು

ಕಾಂಟ್ರ್ಯಾಕ್ಟಿಗೆ ಸಹಿ ಹಾಕಿದವನು ಹೊರಗೆಲ್ಲೂ ಆಡುವಂತಿಲ್ಲ. ಅವನಿಗೆ ತಡೆಯಲಾಗಲಿಲ್ಲ. ಗುಬ್ಬಿಯಲ್ಲಿ ಟೂರ್ನಮೆಂಟ್ ಇದೆ ಎಂದು ಗೊತ್ತಾದಾಗ ಎಸ್‌ಟಿಡಿ ಬೂತಿನಿಂದ ನನಗೆ ಫೋನ್ ಮಾಡಿ, ಬೇರೆ ಹೆಸರಿನಲ್ಲಿ ಆಡಿಸಿ ಎಂದ. ಬೇರೆಯವರ ಹೆಸರಿನಲ್ಲಿ ಆಡುವುದು ನಮ್ಮ ಕಡೆಯ ಟೂರ್ನಮೆಂಟುಗಳಲ್ಲಿ ತಪ್ಪೆಂದು ಯಾರೂ ತಿಳಿದಿರಲಿಲ್ಲ. ನಮ್ಮ ಗೋಲ್‌ಕೀಪರನ ತಮ್ಮನ ಹೆಸರು ಬರೆಸಿದೆ. ಇವನು ಮೀಸೆ ತೆಗೆದುಕೊಂಡು ಬಂದ. ಅದು ಅನಗತ್ಯವಾಗಿತ್ತು. ಗುಬ್ಬಿಯಲ್ಲಿ ಅವನ ಹೆಸರು ಕೇಳಿದವರಿದ್ದರು, ಮುಖ ನೋಡಿದವರು ಇರಲಿಲ್ಲ.

ಮೈದಾನಕ್ಕೆ ಇಳಿಯುವ ಹೊತ್ತಿಗೆ ಮೈಕಿನವನು ಕೂಗತೊಡಗಿದ. ಎದುರು ತಂಡದಲ್ಲಿ ಇಂದು ಆಡಲಿದ್ದಾರೆ ಬೆಂಗಳೂರಿನ ಕಾಂಟ್ರ್ಯಾಕ್ಟ್ ಆಟಗಾರರು, ನಮ್ಮ ಜಿಲ್ಲೆಯ ಹೆಮ್ಮೆ, ಕುಣಿಗಲ್ಲಿನವರು, ಎಂದು ಹೇಳಿ ಇವನ ಹೆಸರನ್ನೇ ಹೇಳಿದ. ಚಪ್ಪಾಳೆ ಬಿತ್ತು. ಎದುರು ತಂಡದಿಂದ ಟ್ರ್ಯಾಕ್ ಸೂಟು ಹಾಕಿದ ದಪ್ಪನೆಯ ಒಬ್ಬರು ಮುಂದೆ ಬಂದು ಕೈ ಬೀಸಿದರು. ಯಾರೋ, ಎಲ್ಲಿಯವರೋ. ಜನ ಸೇರಲಿ ಎಂದು ಅವರೂ ಒಬ್ಬರ ಹೆಸರಿನಲ್ಲಿ ಇನ್ನೊಬ್ಬರನ್ನು ಆಡಿಸಿದ್ದರು. ಸಿಕ್ಕಿದ್ದು ಇವನ ಹೆಸರು.

ನಾನು ಇವನ ಮುಖ ನೋಡಿದೆ. ದೂರು ಕೊಡುವಂತಿಲ್ಲ. ಆ ಹೆಸರು ನನ್ನದು ಎಂದರೆ, ನೀನು ಇಲ್ಲಿ ಏನು ಮಾಡುತ್ತಿದ್ದೀಯ ಎಂದು ಬೆಂಗಳೂರಿನವರು ಕೇಳುತ್ತಾರೆ.

ನಮ್ಮ ಎರಡೂ ಗೋಲು ಇವನೇ ಹೊಡೆದ. ಅವನು ಅಷ್ಟು ಚೆನ್ನಾಗಿ ಆಡಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ, ಆಮೇಲೆ ನೋಡುವ ಸಂದರ್ಭವೂ ಬರಲಿಲ್ಲ. ದಪ್ಪನೆಯವರು ಬಹುಪಾಲು ಹೊತ್ತು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ನೋಡಿ, ದೊಡ್ಡ ಆಟಗಾರರು ಸುಮ್ಮಸುಮ್ಮನೆ ಓಡುವುದಿಲ್ಲ ಎಂದು ಮೈಕಿನವನು ವಿವರಿಸಿದ. ಕೊನೆಯಲ್ಲಿ ಅತ್ಯುತ್ತಮ ಆಟಗಾರನ ಬಹುಮಾನವನ್ನೂ ಅವರಿಗೇ ಕೊಟ್ಟರು. ಅಷ್ಟು ದೂರದಿಂದ ಬಂದವರನ್ನು ಬರಿಗೈಯಲ್ಲಿ ಕಳಿಸಲಾಗುತ್ತದೆಯೇ?

ಬಹುಮಾನ ತೆಗೆದುಕೊಂಡು ಅವರು ಇವನ ಹತ್ತಿರ ಬಂದರು. ಬೆನ್ನು ತಟ್ಟಿದರು. "ಚೆನ್ನಾಗ್ ಆಡ್ತೀಯ ಕಣಪ್ಪ. ಇಂಥಾ ಊರಲ್ಲಿ ಕೊಳೀಬ್ಯಾಡ. ಬೆಂಗ್ಳೂರಿಗೆ ಬಾ, ನಮ್ ಕೋಚಿಗೆ ಒಂದ್ ಮಾತು ಹೇಳ್ತೀನಿ."

ಇವನು ಅವರ ಕೈ ಹಿಡಿದುಕೊಂಡ. "ಹೇಳಿ ಅಣ್ಣ," ಎಂದ. "ದಯವಿಟ್ಟು ಹೇಳಿ."

೪. ಹೆಣ್ಣು ನೋಡಿದ್ದು

ಹೆಣ್ಣೂ ಗುಬ್ಬಿಯದೇ. ಹುಡುಗಿಯ ಅಪ್ಪ ತಾಲ್ಲೂಕು ಕಚೇರಿಯಲ್ಲಿ ಜವಾನರಾಗಿದ್ದು ನಿವೃತ್ತರಾದವರು, ಬಹಳ ವಿನಯವಂತರು. ಯಾರು ಬಾಗಿಲಿಗೆ ಬಂದರೂ ಎದ್ದು ನಿಲ್ಲುತ್ತಿದ್ದರು. ಹುಡುಗನ ಕಡೆಯಿಂದ ನನ್ನನ್ನೂ ಕರೆದುಕೊಂಡು ಹೋಗಿದ್ದರು.

ಕೇಸರಿಬಾತು ತಿನ್ನುವಾಗ ಹುಡುಗಿಯ ಸೋದರತ್ತೆ ವಿಚಾರಣೆ ಶುರು ಮಾಡಿದರು. ಆಟದಲ್ಲಿ ಕಾಲು ಮುರಿದರೆ ನಮ್ಮ ಹುಡುಗಿಯ ಗತಿ ಏನು ಎಂದು ಕೇಳಿದರು. ಇವನು ಸುಳ್ಳು ಹೇಳುವವನಲ್ಲ. ಕಾಲು ಮುರಿಯುವ ಭಯವಿಲ್ಲ, ನನ್ನನ್ನು ಆಡಿಸುವುದಿಲ್ಲ ಎಂದ. ಮತ್ತೆ ಏನು ಮಾಡ್ತೀರಿ? ಕೂತಿರ್ತೀನಿ. ಕೂತಿದ್ದರೂ ಸಂಬಳ ಕೊಡ್ತಾರಾ? ಕೊಡ್ತಾರೆ.

ಹುಡುಗಿ ತಲೆ ಎತ್ತಿ ನೋಡಿದಳು. "ಆಡ್ದೇ ಇದ್ರೆ ನಿಮಗೆ ಬೇಜಾರಾಗಲ್ವಾ?" ಎಂದಳು.

ಅಷ್ಟು ವರ್ಷದಲ್ಲಿ ಅವನನ್ನು ಆ ಪ್ರಶ್ನೆ ಕೇಳಿದವಳು ಅವಳೊಬ್ಬಳೇ. ಅವನು ಕೇಸರಿಬಾತಿನ ತಟ್ಟೆ ಕೆಳಗಿಡುವಷ್ಟರಲ್ಲಿ ಅತ್ತೆ ಅವಳನ್ನು ಒಳಗೆ ಎಳೆದುಕೊಂಡು ಹೋದರು. ಒಳಗಿನ ಮಾತು ನಮಗೆಲ್ಲ ಕೇಳಿಸಿತು.

"ಕೂತ್ಕೊಂಡಿದ್ರೂ ಸಂಬಳ ಬರತ್ತಂತೆ. ಗೌರ್ಮೆಂಟ್ ಕೆಲ್ಸಕ್ಕಿಂತ ಏನ್ ಕಮ್ಮಿ? ಸುಮ್ನೆ ಒಪ್ಕೊಳ್ಳೇ."

೫. ಕುರ್ಚಿ

ಮದುವೆಯಾಯಿತು. ಮೂರು ವರ್ಷವೂ ಮುಗಿಯುತ್ತ ಬಂತು. ಕೆಲಸ ಖಾಯಂ ಮಾಡುವ ಕಾಗದಕ್ಕೆ ಸೋಮವಾರ ಸಹಿ ಹಾಕಬೇಕು. ಒಮ್ಮೆ ಹಾಕಿದರೆ ಮುಗಿಯಿತು, ಅಲ್ಲಿಂದ ಬಿಟ್ಟು ಬರುವವರು ಯಾರೂ ಇಲ್ಲ. ಅದರ ಹಿಂದಿನ ಭಾನುವಾರ ಕಾರ್ಖಾನೆಯ ಮೈದಾನದಲ್ಲೇ ಕೊನೆಯ ಮ್ಯಾಚು. ಅವನು ನನಗೆ ಫೋನ್ ಮಾಡಿದ. ನಮ್ಮ ಕ್ಲಬ್ಬಿನ ಹಳೆಯ ಶರ್ಟು ಇದೆಯೇ ಎಂದು ಕೇಳಿದ. ಇದೆ ಎಂದೆ.

"ತಗೊಂಡು ಬನ್ನಿ ಸಾರ್. ಭಾನುವಾರ ನನ್ನ ಕರೀಲಿಲ್ಲ ಅಂದ್ರೆ ಸಹಿ ಹಾಕಲ್ಲ. ನಿಮ್ ಜೊತೇಲೇ ವಾಪಸ್ ಬಂದ್ಬಿಡ್ತೀನಿ. ಅವಳಿಗೂ ಹೇಳಿದೀನಿ, ಹೂಂ ಅಂದಿದಾಳೆ."

ಅಳಿಯನ ಮ್ಯಾಚು ಎಂದು ಮಾವನವರೂ ಗುಬ್ಬಿಯಿಂದ ಒಂದಿಷ್ಟು ನೆಂಟರನ್ನು ಬಸ್ಸಿನಲ್ಲಿ ಕರೆದುಕೊಂಡು ಬಂದಿದ್ದರು. ಅವರಾರೂ ಫುಟ್‌ಬಾಲ್ ನೋಡಿದವರಲ್ಲ. ಮೈದಾನದ ಒಂದು ಬದಿಗೆ ಶಾಮಿಯಾನ, ಕೆಳಗೆ ಸಾಲಾಗಿ ಕುರ್ಚಿ. ಅಲ್ಲಿ ಕೋಚ್, ಕಾರ್ಖಾನೆಯ ಒಬ್ಬ ಅಧಿಕಾರಿ, ಬದಲಿ ಆಟಗಾರರು. ನಾವು ಎದುರು ಬಿಸಿಲಿನಲ್ಲಿ, ಹಗ್ಗದ ಈಚೆ ನಿಂತಿದ್ದೆವು. ಅಳಿಯನೂ ಸಾಹೇಬರ ಸಾಲಿನಲ್ಲಿ ಕುರ್ಚಿಯ ಮೇಲೆ ಕೂತದ್ದನ್ನು ಕಂಡು ಮಾವನವರ ಕಣ್ಣು ತುಂಬಿತು. ಸರ್ವಿಸ್ ಪೂರ್ತಿ ಅವರು ಕಚೇರಿಯಲ್ಲಿ ನಿಂತೇ ಕಳೆದವರು. ಯಾರು ಕೂರುತ್ತಾರೆ, ಯಾರು ಓಡಾಡುತ್ತಾರೆ ಎಂಬುದು ಅವರಿಗೆ ಗೊತ್ತು.

ನೆಂಟರಿಗೆ ಅವರೇ ವಿವರಿಸಿದರು. ಬಿಸಿಲಿನಲ್ಲಿ ಓಡುತ್ತಿರುವವರೆಲ್ಲ ಕೆಳಗಿನ ನೌಕರರು. ಸೀಟಿ ಊದಿಕೊಂಡು ಅವರ ಹಿಂದೆ ಓಡುತ್ತಿರುವವನು ಮೇಸ್ತ್ರಿ. ನೆರಳಲ್ಲಿ ಕೂತವರು ಆಫೀಸರುಗಳು. ನಾನು ಮೆಲ್ಲಗೆ, ಹಾಗಲ್ಲ ಯಜಮಾನರೇ ಎಂದೆ. "ನಿಮ್ ತುಮ್ಕೂರಲ್ಲಿ ಹಂಗಿರಲಿಕ್ಕಿಲ್ಲ ಸ್ವಾಮಿ, ಇದು ದೊಡ್ಡ ಕಂಪ್ನಿ," ಎಂದರು. ಮಗಳು ನನ್ನ ಪಕ್ಕದಲ್ಲಿ ನಿಂತಿದ್ದಳು. ಅವಳು ಆ ಕುರ್ಚಿಯನ್ನು ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ.

ಆಟ ಮುಗಿಯಲು ಇನ್ನು ಸ್ವಲ್ಪ ಹೊತ್ತಿತ್ತು. ಅವರ ಫಾರ್ವರ್ಡ್ ಕುಂಟುತ್ತ ಹೊರಗೆ ಬಂದ. ಕೋಚ್ ತಿರುಗಿ ನೋಡಿ ಇವನತ್ತ ಬೆರಳು ತೋರಿಸಿದರು. ಇವನು ಎದ್ದ. ಟ್ರ್ಯಾಕ್ ಸೂಟಿನ ಮೇಲಂಗಿ ಬಿಚ್ಚಿ ಕುರ್ಚಿಯ ಮೇಲೆ ಹಾಕಿದ. ಬಗ್ಗಿ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ನನ್ನ ಚೀಲದಲ್ಲಿದ್ದ ಶರ್ಟು ಇನ್ನು ಬೇಕಾಗಲಿಕ್ಕಿಲ್ಲ ಅಂದುಕೊಂಡೆ. ಅದರಿಂದ ನನಗೆ ಬೇಸರವಾಗಲಿಲ್ಲ.

ಮಾವನವರ ಮುಖ ಬಿಳಿಚಿಕೊಂಡಿತ್ತು. "ಯಾಕೆ ಎಬ್ಬಿಸಿದ್ರು? ಅಂಗಿ ಯಾಕೆ ಬಿಚ್ಚಿಸಿದ್ರು?" ಎಂದರು. ಜವಾನನನ್ನು ಸಸ್ಪೆಂಡ್ ಮಾಡುವಾಗ ಮೊದಲು ಬಿಚ್ಚಿಸುವುದು ಹೆಗಲ ಮೇಲಿನ ಬಿಲ್ಲೆಯ ಪಟ್ಟಿಯನ್ನು. ಅವರು ಅದನ್ನು ಕಣ್ಣಾರೆ ಕಂಡವರು. ನಾನು ಬಾಯಿ ತೆರೆಯುವುದರೊಳಗೆ ಹಗ್ಗದ ಕೆಳಗೆ ನುಸುಳಿದರು. ಮಗಳು "ಅಪ್ಪಾ, ಬ್ಯಾಡ" ಎಂದಳು. ಅವರು ಆಗಲೇ ಗೋಲಿನ ಹಿಂದಿನಿಂದ ಸುತ್ತು ಹಾಕಿ ಓಡುತ್ತಿದ್ದರು. ಆ ವಯಸ್ಸಿನಲ್ಲಿ ಅಷ್ಟು ವೇಗ ಹೇಗೆ ಬಂತೋ.

ಕೋಚಿನ ಮುಂದೆ ಕೈ ಮುಗಿದು ನಿಂತರು. ಆಮೇಲೆ ಕಾಲಿಗೇ ಬಿದ್ದರು. ಅಲ್ಲಿ ನಡೆದ ಮಾತನ್ನು ಅವನೇ ಆಮೇಲೆ ನನಗೆ ಹೇಳಿದ. ಹುಡುಗ ತಿಳಿಯದೆ ಏನೋ ತಪ್ಪು ಮಾಡಿದಾನೆ ಮಹಾಸ್ವಾಮಿ, ಹೊಸದಾಗಿ ಮದುವೆಯಾದ ಹೆಣ್ಣುಮಗಳ ಮುಖ ನೋಡಿಯಾದರೂ ಇದೊಂದು ಸಲ ಬಿಟ್ಟುಬಿಡಿ, ಎಂದು ಅತ್ತರಂತೆ. ಮಾವ, ಎದ್ದೇಳಿ, ನಾನು ಆಡ್ಬೇಕು ಎಂದು ಇವನು ಅವರ ರಟ್ಟೆ ಹಿಡಿದು ಎಳೆದ. ಅಳಿಯನ ಅವಸರ ನೋಡಿ ಅವರಿಗೆ ಅಳು ಇನ್ನೂ ಹೆಚ್ಚಾಯಿತು. ರೆಫರಿ ಬೇಗ ಬೇಗ ಎಂದು ಸೀಟಿ ಊದುತ್ತಿದ್ದ. ಮುದುಕರೊಬ್ಬರು ಅಷ್ಟು ಅಳಬೇಕಾದರೆ ಮನೆಯಲ್ಲಿ ಏನೋ ಆಗಿಹೋಗಿದೆ ಎಂದು ಕೋಚ್ ತಿಳಿದರು. ಒಳ್ಳೆಯ ಮನುಷ್ಯ. ಇವನ ಹೆಗಲ ಮೇಲೆ ಕೈಯಿಟ್ಟು, ಪರವಾಗಿಲ್ಲಪ್ಪ ನೀನು ಇವರನ್ನ ನೋಡ್ಕೋ ಎಂದು ಕೂರಿಸಿದರು. ಪಕ್ಕದ ಕುರ್ಚಿಯವನನ್ನು ಮೈದಾನಕ್ಕೆ ಕಳಿಸಿದರು.

ಮ್ಯಾಚು ಮುಗಿದ ಮೇಲೆ ಅವನು ನಮ್ಮ ಹತ್ತಿರ ಬಂದ. ಹೆಂಡತಿ ಅವನ ಕೈಯಿಂದ ಬೂಟಿನ ಚೀಲ ತೆಗೆದುಕೊಂಡಳು. ಶರ್ಟು ತಂದಿದ್ರಾ ಸಾರ್ ಎಂದ. ತಂದಿದ್ದೇನೆ, ನಡಿ ಹೋಗೋಣ ಎಂದೆ. ಅವನು ಮೈದಾನದ ಕಡೆ ತಿರುಗಿ ನೋಡಿದ.

"ಇಲ್ಲ ಸಾರ್. ಕರೀದೇ ಇದ್ರೆ ಬರ್ತೀನಿ ಅಂದಿದ್ದೆ. ಕರೆದ್ರಲ್ಲ."

ಸೋಮವಾರ ಸಹಿ ಹಾಕಿದ.

ಭಾನುವಾರ ಸಂಜೆ ನಾನು ಮಾವನವರ ಪಕ್ಕದಲ್ಲೇ ಕೂತು ಊರಿಗೆ ಬಂದೆ. ಅವರ ಪಂಚೆಯ ಮಂಡಿಯಲ್ಲಿ ಮೈದಾನದ ಕೆಂಪು ಮಣ್ಣು ಮೆತ್ತಿಕೊಂಡಿತ್ತು. ಏನು ಯಜಮಾನ್ರೇ, ಬಿದ್ರಾ ಎಂದು ಕಂಡಕ್ಟರ್ ವಿಚಾರಿಸಿದ.

"ಬೀಳ್ಬೇಕಾಗಿ ಬಂತು ಕಣಪ್ಪ," ಎಂದರು ಅವರು, ಇಡೀ ಬಸ್ಸಿಗೆ ಕೇಳುವಂತೆ. "ಅಳಿಯಂದಿರ ಕುರ್ಚಿ ಹೋಗ್ತಿತ್ತು. ದೊಡ್ಡ ಸಾಹೇಬ್ರ ಕಾಲು ಹಿಡ್ದು ಮತ್ತೆ ಕೂರಿಸಿ ಬಂದೆ. ಇನ್ನು ರಿಟೈರಾಗೋವರ್ಗೂ ಯಾರೂ ಎಬ್ಬಿಸಲ್ಲ."