ಮಂಗಳವಾರ ಮತ್ತು ಶುಕ್ರವಾರ ಕದನವಿರಾಮ

ಹೊನ್ನಗುಂಡಿಯ ರೈತರ ಸೇವಾ ಸಹಕಾರ ಸಂಘವು ಸ್ಥಾಪನೆಯಾದ ದಿನದಿಂದ ಕಳೆದ ಶ್ರಾವಣದವರೆಗೆ ಯಾವುದೇ ಯುದ್ಧದಲ್ಲಿ ಭಾಗವಹಿಸಿರಲಿಲ್ಲ. ಇದಕ್ಕೆ ಸಂಘದ ನಡಾವಳಿ ಪುಸ್ತಕವೇ ಸಾಕ್ಷಿ. ಆ ಪುಸ್ತಕ ಬರೆಯುವವನು ನಾನು. ಹತ್ತೊಂಬತ್ತು ವರ್ಷಗಳಿಂದ ಇಲ್ಲಿ ಗುಮಾಸ್ತ. ಯುದ್ಧಕ್ಕೆ ಸಂಬಂಧಿಸಿದ ಠರಾವುಗಳೆಲ್ಲ ನನ್ನ ಅಕ್ಷರದಲ್ಲೇ ಇವೆ. ಅಕ್ಷರ ದುಂಡಗಿದೆ ಎಂದು ಶಹಾಪುರದಿಂದ ಬರುವ ಆಡಿಟರು ಮೆಚ್ಚಿದ್ದಾರೆ. ಬರೆದ ವಿಷಯದ ಬಗ್ಗೆ ಅವರು ಏನೂ ಹೇಳಿಲ್ಲ.

ಯುದ್ಧ ನಡೆದದ್ದು ಕಡಲಾಚೆ. ಎರಡು ದೇಶಗಳು ಒಂದರ ಮೇಲೊಂದು ಬಾಂಬು ಹಾಕುತ್ತಿದ್ದವು, ಆದರೆ ಇಬ್ಬರೂ ಅದನ್ನು ಯುದ್ಧವೆಂದು ಒಪ್ಪಿರಲಿಲ್ಲ. ಒಬ್ಬರು ಕಾರ್ಯಾಚರಣೆ ಎನ್ನುತ್ತಿದ್ದರು, ಇನ್ನೊಬ್ಬರು ತಕ್ಕ ಉತ್ತರ ಎನ್ನುತ್ತಿದ್ದರು. ಗೊಲ್ಲಾಳಮ್ಮ ಯೂರಿಯಾ ಕೇಳಲು ಬರುವವರೆಗೆ ಅದು ನಮ್ಮೂರಿನಲ್ಲಿ ಟೀವಿಯೊಳಗೇ ಇತ್ತು.

ಗೊಲ್ಲಾಳಮ್ಮನದು ಕೆನಾಲಿನ ಕೊನೆಯ ತೂಬಿನ ಕೆಳಗೆ ಮೂರೆಕರೆ ಭತ್ತ. ನಾಟಿ ಮಾಡಿ ಇಪ್ಪತ್ತೆರಡು ದಿನವಾಗಿತ್ತು. ಇನ್ನು ಹತ್ತು ದಿನದೊಳಗೆ ಮೂರು ಚೀಲ ಯೂರಿಯಾ ಬೀಳದಿದ್ದರೆ ಪೈರು ಹಳದಿ ತಿರುಗುತ್ತದೆ. ಆಮೇಲೆ ಹಾಕಿದರೂ ಒಂದೇ, ಬಿಟ್ಟರೂ ಒಂದೇ. ನಮ್ಮ ಗೋದಾಮಿನಲ್ಲಿ ಸಾಕಷ್ಟು ಚೀಲಗಳಿದ್ದವು. ಪ್ರತಿ ವರ್ಷವೂ ಇರುತ್ತವೆ. ಪ್ರತಿ ವರ್ಷವೂ ನಾವು ‘ಲೋಡು ಬಂದಿಲ್ಲ’ ಎಂದು ಬೋರ್ಡು ಹಾಕುತ್ತೇವೆ, ಜನ ಶಹಾಪುರಕ್ಕೆ ಹೋಗಿ ಅಧ್ಯಕ್ಷ ಪರಮಣ್ಣನವರ ಭಾವಮೈದುನನ ಅಂಗಡಿಯಲ್ಲಿ ದುಪ್ಪಟ್ಟು ದರಕ್ಕೆ ಕೊಳ್ಳುತ್ತಾರೆ. ಇದು ಹಿಂದಿನಿಂದ ನಡೆದುಬಂದ ಪದ್ಧತಿ.

ಈ ಸಲ ಕಾರ್ಯದರ್ಶಿ ಅರುಣಕುಮಾರ ಹೊಸದೊಂದು ಕಾರಣ ಹೇಳಿದ.

“ಯುದ್ಧ ನಡದದ ಯವ್ವಾ. ಹಡಗ ಬರಾಂಗಿಲ್ಲ. ಇದ್ದದ್ದನ್ನ ಕಾದಿಡಬೇಕಾಗ್ಯದ.”

“ಯುದ್ಧಂತ ಯಾರ ಹೇಳ್ಯಾರ?” ಎಂದಳು ಗೊಲ್ಲಾಳಮ್ಮ. “ಡಂಗುರ ಆಗ್ಯದೇನು?”

ಅರುಣಕುಮಾರ ಎದ್ದು ಹೋಗಿ ಪರಮಣ್ಣನವರಿಗೆ ಫೋನು ಮಾಡಿದ. ಹೊನ್ನಗುಂಡಿಯಲ್ಲಿ ಅಮರಪ್ಪ ಹಲಗೆ ಬಾರಿಸಿ ಡಂಗುರ ಸಾರದ ಸಂಗತಿ ನಡೆದಿಲ್ಲವೆಂದೇ ಲೆಕ್ಕ. ಹೋದ ವರ್ಷ ನೀರಿನ ಪೈಪು ಒಡೆದಾಗ ಅಮರಪ್ಪ ಬೀಗರೂರಿಗೆ ಹೋಗಿದ್ದ. ಡಂಗುರವಾಗದ ಕಾರಣ ಜನ ಮೂರು ದಿನ ಒಣ ನಲ್ಲಿಯ ಮುಂದೆ ಕೊಡ ಹಿಡಿದು ಪಾಳಿ ನಿಂತಿದ್ದರು.

ಮರುದಿನವೇ ತುರ್ತು ಸಭೆ ಕರೆಯಲಾಯಿತು. ವಿಷಯ: ‘ವಿದೇಶದಲ್ಲಿ ನಡೆದಿರುವ ಅಘೋಷಿತ ಯುದ್ಧ ಹಾಗೂ ಹೊನ್ನಗುಂಡಿಯ ಮೇಲೆ ಅದರ ಸಂಭವನೀಯ ಪರಿಣಾಮಗಳು’. ಸಂಘದ ನಿಯಮ ಹದಿನೇಳರ ಪ್ರಕಾರ ಘೋಷಿತ ಯುದ್ಧಕಾಲದಲ್ಲಿ ದಾಸ್ತಾನನ್ನು ಅಧ್ಯಕ್ಷರು ತಡೆಹಿಡಿಯಬಹುದು. ಬೇಕಾದದ್ದು ಘೋಷಣೆಯೊಂದೇ.

“ನಮ್ಮಣ್ಣ ಅಲ್ಲೇ ಮಗ್ಗಲ ದೇಶದಾಗ ಗಾಡಿ ಹೊಡೀತಾನ್ರಿ,” ಎಂದರು ನಿರ್ದೇಶಕಿ ಚಮನಬೀ. “ನಿನ್ನಿ ಫೋನ್ ಮಾಡಿದ್ದ. ರೂಮಿನ ಕಿಡಕಿ ಗಾಜು ಒಡದಾವಂತ.”

“ಘೋಷಣಾ ಮಾಡಿ ಒಡದಾರೋ, ಹಂಗ ಒಡದಾರೋ?” ಎಂದು ಪರಮಣ್ಣನವರು ಕೇಳಿದರು.

“ಅದು ಕೇಳಿಲ್ರಿ ಗೌಡ್ರ. ಜೀವಂತ ಅದೀನಿ ಅಂದ. ನನಗ ಅಷ್ಟ ಸಾಕಾತು.”

‘ಸದಸ್ಯೆಯವರು ಅಪೂರ್ಣ ಮಾಹಿತಿ ಒದಗಿಸಿದರು’ ಎಂದು ಬರೆದುಕೊಂಡೆ. ಬರೆಯುವಾಗ ನಾಚಿಕೆಯಾಯಿತು. ಅಕ್ಷರ ಮಾತ್ರ ಎಂದಿನಂತೆ ದುಂಡಗೆ ಬಂತು.

ಎರಡು ತಾಸು ಚರ್ಚೆ, ಎರಡು ಸುತ್ತು ಮಿರ್ಚಿ ಭಜಿ ಆದ ಮೇಲೆ ಠರಾವು ಪಾಸಾಯಿತು: ಸದರಿ ದೇಶಗಳು ಕೆಲಸದ ಒತ್ತಡದಿಂದ ಯುದ್ಧ ಘೋಷಿಸಲು ಮರೆತಿರುವುದರಿಂದ, ಎರಡೂ ಕಡೆಯವರ ಪರವಾಗಿ ಈ ಸಂಘವೇ ಘೋಷಿಸತಕ್ಕದ್ದು. ಒಂದೇ ಕಡೆಯ ಪರವಾಗಿ ಘೋಷಿಸಿದರೆ ಪಕ್ಷಪಾತವಾದೀತು ಎಂದು ಎಚ್ಚರಿಸಿದವನು ನಾನೇ.

ಸಂಜೆ ಅಮರಪ್ಪ ಓಣಿ ಓಣಿ ತಿರುಗಿದ.

“ಕೇಳ್ರಪ್ಪೋ ಕೇಳ್ರಿ! ಇವತ್ತಿನಿಂದ ಕಡಲಾಚಿ ಯುದ್ಧ ಚಾಲೂ ಆಗ್ಯದ! ಸೊಸೈಟ್ಯಾಗ ಯೂರಿಯಾ ಸಿಗಂಗಿಲ್ಲ! ಹಂಗ ಬಸುನ ಕರೀ ಆಡು ತಪ್ಪಿಸಿಕೊಂಡದ, ಸಿಕ್ಕವರು ತಂದು ಕೊಡ್ರಪ್ಪೋ!”

ಜನ ಮೊದಲು ಆಡು ಹುಡುಕಿದರು. ಅದು ಸಿಕ್ಕ ಮೇಲೆ ಯುದ್ಧದ ಬಗ್ಗೆ ಚಿಂತಿಸಿದರು.

ಗೊಲ್ಲಾಳಮ್ಮ ಮಾತ್ರ ಆಡಿನ ಗೊಡವೆಗೆ ಹೋಗದೆ ಗದ್ದೆಗೆ ಹೋಗಿ ಬಂದಳು. ಗರಿಯ ತುದಿ ಆಗಲೇ ಬಣ್ಣ ಬಿಡುತ್ತಿತ್ತು. “ಕೋಣ ಕೋಣ ಕಾದಾಡಿ ಗಿಡಕ್ಕ ಮಿತ್ತು ಅಂದಂಗಾತು,” ಎನ್ನುತ್ತಾ ಸೀದಾ ಅಮರಪ್ಪನ ಮನೆಗೆ ನಡೆದಳು.

“ಯಣ್ಣಾ, ನೀ ಚಾಲೂ ಮಾಡಿದ ಯುದ್ಧ ನೀನ ನಿಂದ್ರಸು.”

“ನಾ ಏನ್ ಮಾಡ್ಲಿ ಯವ್ವಾ? ನಂದೂ ಅರ್ಧ ಎಕರೆ ಒಣಗಾಕತ್ತದ.”

“ಪೂರಾ ನಿಂದ್ರಸಬ್ಯಾಡ. ಒಂದ್ ಮೂರ್ ತಾಸರ ನಿಂದ್ರಸು.”

ಮಂಗಳವಾರ ಬೆಳಿಗ್ಗೆ ಹಲಗೆ ಮತ್ತೆ ಸದ್ದು ಮಾಡಿತು. ಹತ್ತರಿಂದ ಒಂದರವರೆಗೆ ಎರಡೂ ದೇಶಗಳ ನಡುವೆ ಕದನವಿರಾಮ, ರೈತರು ಚೀಟಿ ತಗೊಂಡು ಸೊಸೈಟಿಗೆ ಬರಬೇಕು ಎಂದು ಅಮರಪ್ಪ ಸಾರಿದ. ಒಂಬತ್ತೂವರೆಗೇ ಗೋದಾಮಿನ ಮುಂದೆ ಅರವತ್ತು ಜನ ಕೂಡಿದರು. ಪರಮಣ್ಣನವರು ಕೆಂಡವಾದರು.

“ಯಾರ ಹೇಳಿದ್ರಲೇ ನಿನಗ ಕದನವಿರಾಮಂತ?”

“ಚಾಲೂ ಆಗ್ಯದಂತ ಹೇಳಿದಾವನೂ ನಾನ ಅಲ್ಲೇನ್ರಿ ಗೌಡ್ರ?” ಎಂದ ಅಮರಪ್ಪ ವಿನಯದಿಂದ. “ಇದು ಸುಳ್ಳಾದ್ರ ಅದೂ ಸುಳ್ಳ. ಯಾವುದು ವಾಪಸ್ ತಗೋಳ್ಲಿ ಹೇಳ್ರಿ.”

ಪರಮಣ್ಣನವರು ಮುಂದೆ ನೆರೆದಿದ್ದ ತಲೆಗಳನ್ನು ಎಣಿಸಿದರು. ಮುಂದಿನ ತಿಂಗಳು ಸಂಘದ ಚುನಾವಣೆಯಿತ್ತು. ಆಮೇಲೆ ತಲೆಗೊಂದು ಚೀಲ ಕೊಡಿಸಿದರು. ಸಂಜೆಯ ಸಭೆಯಲ್ಲಿ ಇದನ್ನು ಕ್ರಮಬದ್ಧಗೊಳಿಸಿ, ಇನ್ನು ಮುಂದೆ ಪ್ರತಿ ಮಂಗಳವಾರ ಮತ್ತು ಶುಕ್ರವಾರ ಹತ್ತರಿಂದ ಒಂದರವರೆಗೆ ಕದನವಿರಾಮ ಇರತಕ್ಕದ್ದು ಎಂದು ಠರಾಯಿಸಲಾಯಿತು. ಉಳಿದ ಐದು ದಿನ ಯುದ್ಧವೂ ನಡೆಯುತ್ತದೆ, ಭಾವಮೈದುನನ ಅಂಗಡಿಯೂ ನಡೆಯುತ್ತದೆ.

ಗೊಲ್ಲಾಳಮ್ಮನಿಗೆ ಮಂಗಳವಾರ ಒಂದು ಚೀಲ ಸಿಕ್ಕಿತು, ಶುಕ್ರವಾರ ಇನ್ನೊಂದು. ಎರಡೆಕರೆ ಹಸಿರಾಯಿತು. ಮೂರನೆಯ ಎಕರೆಗೆ ಇನ್ನು ಎರಡೇ ದಿನ ಉಳಿದಿದ್ದಾಗ, ಸೋಮವಾರ, ಅನಾಹುತವಾಯಿತು. ಆ ಎರಡು ದೇಶಗಳು ನಿಜವಾಗಿ ಹೊಡೆದಾಟ ನಿಲ್ಲಿಸಿದವು.

ಟೀವಿಯಲ್ಲಿ ಅದು ಬಂದದ್ದೇ ಚಮನಬೀ ಅಳುತ್ತಾ ನಗುತ್ತಾ ಸಂಘದವರಿಗೆಲ್ಲ ಸಕ್ಕರೆ ಹಂಚಿದರು. ಪರಮಣ್ಣನವರು ಎರಡು ಸಲ ಕೈಯೊಡ್ಡಿದರು. ಇಷ್ಟು ಖುಷಿಯಾಗಿ ಅವರನ್ನು ನಾನು ಕಂಡಿರಲಿಲ್ಲ.

“ಯುದ್ಧ ಮುಗೀತು. ಯುದ್ಧನ ಇಲ್ಲಂದ ಮ್ಯಾಲ ಕದನವಿರಾಮ ಎಲ್ಲಿಂದ ಬರ್ತದ? ಎರಡೂ ರದ್ದು,” ಎಂದವರು ನನ್ನ ಕಡೆ ತಿರುಗಿದರು. “ಹಳೇ ಬೋರ್ಡ್ ತಗದು ಹಾಕ್ರಿ. ಲೋಡ್ ಬಂದಿಲ್ಲ.”

ನಾನು ಬೋರ್ಡಿನ ಧೂಳು ಒರೆಸತೊಡಗಿದೆ. ಬಾಗಿಲಲ್ಲಿ ನಿಂತಿದ್ದ ಗೊಲ್ಲಾಳಮ್ಮ ಒಳಗೆ ಬಂದಳು. ಅವಳ ಹಿಂದೆ ಊರು ಬಂತು.

“ಯುದ್ಧ ನಿಂದ್ರಸಬ್ಯಾಡ್ರಿ ಗೌಡ್ರ,” ಎಂದಳು. “ಯುದ್ಧ ಇದ್ರ ವಾರದಾಗ ಎರಡು ದಿನರ ಗೊಬ್ಬರ ಸಿಗ್ತದ. ಶಾಂತಿ ಇದ್ದಾಗ ಒಂದ್ ಚೀಲನೂ ಸಿಕ್ಕಿಲ್ಲ ನಮಗ.”

“ಅಲ್ಲೇ ನಿಂತದಲ್ಲವ್ವ!”

“ಅಲ್ಲಿ ನಿಂತ್ರ ಅವರಿಗಿ ಚಲೋ ಆತು. ಇಲ್ಲೀದು ನಡೀಲಿ. ಭತ್ತದ ರಾಶಿ ಆಗೂ ತನ ನಡೀಲಿ.”

ಇದನ್ನು ಠರಾವಿನ ರೂಪದಲ್ಲಿ ಸಭೆಯ ಮುಂದಿಡಲಾಯಿತು. ಕಿಟಕಿಯ ಆಚೆ ನಿಂತವರೂ ಕೈ ಎತ್ತಿದರು. ಚಮನಬೀ ಕೊಂಚ ಅನುಮಾನಿಸಿ, “ನಮ್ಮ ಯುದ್ಧದಾಗ ಯಾರ ಮನಿ ಗಾಜೂ ಒಡಿಯಂಗಿಲ್ಲಲ್ಲ?” ಎಂದು ಖಾತ್ರಿ ಮಾಡಿಕೊಂಡು ಕೈ ಎತ್ತಿದರು. ಅಷ್ಟು ಕೈಗಳನ್ನು ಚುನಾವಣೆಯ ಹೊತ್ತಿನಲ್ಲಿ ಕಂಡ ಪರಮಣ್ಣನವರು ತಮ್ಮದನ್ನೂ ಸೇರಿಸಿದರು. ಯುದ್ಧವನ್ನು ಮುಂದುವರಿಸಲು ಸರ್ವಾನುಮತದಿಂದ ತೀರ್ಮಾನವಾಯಿತು.

ಮರುದಿನ ಮಂಗಳವಾರ ಹತ್ತು ಗಂಟೆಗೆ ಕದನವಿರಾಮ ಜಾರಿಗೆ ಬಂತು. ಗೊಲ್ಲಾಳಮ್ಮ ಮೂರನೆಯ ಚೀಲವನ್ನು ಅಮರಪ್ಪನ ಕೈಲಿ ಹೊರಿಸಿಕೊಂಡು, ಹಿಂತಿರುಗಿ ನೋಡದೆ ಗದ್ದೆಯ ದಾರಿ ಹಿಡಿದಳು. ಒಂದು ಗಂಟೆಗೆ ನಾನು ಗೋದಾಮಿಗೆ ಬೀಗ ಹಾಕಿದೆ. ಯುದ್ಧ ಮತ್ತೆ ಶುರುವಾಯಿತು, ಎಲ್ಲರೂ ಊಟಕ್ಕೆ ಮನೆಗೆ ಹೋದೆವು.